ಪೈಥಾನ್‌ನ ಬಿಲ್ಟ್-ಇನ್ ಎಕ್ಸೆಪ್ಶನ್‌ಗಳು: ಅಡಿಕೆ ಲೆಕ್ಕಕ್ಕೆ ಹಚ್ಚಿ ನೋಡಿದ ವಿಮರ್ಶೆ

ಪ್ರೋಗ್ರಾಂ ಓಡುವಾಗ ಏನಾದರೂ ಕೆಟ್ಟರೆ ಎದ್ದು ಬರುವ ಸೂಚನೆಯೇ ಎಕ್ಸೆಪ್ಶನ್, ಒಂದೊಂದು ಬಗೆಯ ತಪ್ಪಿಗೆ ಒಂದೊಂದು ಕ್ಲಾಸ್. ಪ್ರೋಗ್ರಾಮಿಂಗ್ ಭಾಷೆ ಎಕ್ಸೆಪ್ಶನ್ ಕ್ಲಾಸ್‌ಗಳನ್ನು ತಾನೇ ಮಾಡಿ ಕೊಡಬೇಕೋ, ಕೋಡ್ ಬರೆಯುವವರ ಪಾಲಿಗೆ ಬಿಡಬೇಕೋ ಎಂಬುದನ್ನು ಬಾಯಿಮಾತಿನಲ್ಲಿ ತೀರ್ಮಾನಿಸುವುದಕ್ಕಿಂತ ಒಂದು ಭಾಷೆಯನ್ನು ನಿಜವಾದ ಕೆಲಸಕ್ಕೆ ಹಚ್ಚಿ ನೋಡುವುದು ವಾಸಿ. ಇಲ್ಲಿ ಹಚ್ಚಿದ್ದು ಪೈಥಾನ್. ಕೆಲಸ ಅಡಿಕೆ ಖರೀದಿಯ ಲೆಕ್ಕ. ಎಕ್ಸೆಲ್‌ನಿಂದ ಉಳಿಸಿದ ಸಿಎಸ್‌ವಿ (ಕಾಲಂಗಳನ್ನು ಕಾಮಾದಿಂದ ಬೇರ್ಪಡಿಸಿದ ಪಠ್ಯ) ಫೈಲಿನಲ್ಲಿ ಊರು, ತರಗತಿ, ತೂಕ ಎಂಬ ಮೂರು ಕಾಲಂ. ಹೊಸತು, ಹಳತು, ಡಬ್ಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಕೋಕ ಈ ತರಗತಿಗಳ ದರ ಒಂದು ಡಿಕ್ಷನರಿಯಲ್ಲಿ, ಅಂದರೆ ಕೀ ಕೊಟ್ಟರೆ ಅದರ ಬೆಲೆ ಸಿಗುವ ಪಟ್ಟಿಯಲ್ಲಿ; ಇಲ್ಲಿ ತರಗತಿಯ ಹೆಸರೇ ಕೀ. ತೂಕಕ್ಕೆ ದರ ಗುಣಿಸಿ ಮೊತ್ತವನ್ನು ಇನ್ನೊಂದು ಫೈಲಿಗೆ ಬರೆಯಬೇಕು, ಅಷ್ಟೆ. ಕೇರಳದ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಕಡೆ ಇಂಥ ಲೆಕ್ಕದಲ್ಲಿ ಊರಿನ ಹೆಸರು ಕನ್ನಡದಲ್ಲಿರುತ್ತದೆ, ಅಂಕಿ ಒಮ್ಮೊಮ್ಮೆ ಕನ್ನಡದಲ್ಲಿ, ಕಂಪ್ಯೂಟರಿನಲ್ಲಿ ಮಾತ್ರ ಇಂಗ್ಲಿಷ್ ವಿಂಡೋಸ್. ಎಕ್ಸೆಪ್ಶನ್‌ಗಳ ಗುಣ, ದೋಷ ಎರಡೂ ಹೊರಬರಲು ಇಷ್ಟು ಸಾಕು.

ಸಿದ್ಧ ಕ್ಲಾಸ್‌ಗಳು ಇರಬೇಕು ಎಂಬುದರಲ್ಲಿ ಸಂಶಯವಿಲ್ಲ. ಭಾಗಾಕಾರ, ಲಿಸ್ಟಿನ ಇಂಡೆಕ್ಸ್, ಡಿಕ್ಷನರಿಯ ಕೀ, ಪಠ್ಯವನ್ನು ಅಂಕಿ ಮಾಡುವುದು, ಫೈಲ್ ತೆರೆಯುವುದು ಇವೆಲ್ಲ ಭಾಷೆಯೇ ಮಾಡುವ ಕೆಲಸ. ಅದು ಕೆಟ್ಟಾಗ ಏನು ಕೆಟ್ಟಿತು ಎಂದು ಹೆಸರು ಹಿಡಿದು ಹೇಳುವ ಜವಾಬ್ದಾರಿಯೂ ಭಾಷೆಯದೇ. ಹೆಸರು ಹೇಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಜಾವಾಸ್ಕ್ರಿಪ್ಟ್ ನೋಡಿ. ಅಲ್ಲಿ ‘೪೮’ ಎಂಬ ಪಠ್ಯವನ್ನು ನಂಬರ್ ಮಾಡಲು ಹೋದರೆ ಎರರ್ ಬರುವುದಿಲ್ಲ, ನ್ಯಾನ್ (NaN, ‘ಅಂಕಿಯಲ್ಲ’) ಎಂಬ ಬೆಲೆ ಬರುತ್ತದೆ. ಪಟ್ಟಿಯಲ್ಲಿಲ್ಲದ ತರಗತಿಯ ದರ ಕೇಳಿದರೆ ಅನ್‌ಡಿಫೈನ್ಡ್, ಅಂದರೆ ಬೆಲೆ ಇಟ್ಟಿಲ್ಲ ಎಂಬ ಗುರುತು. ಸೊನ್ನೆಯಿಂದ ಭಾಗಿಸಿದರೆ ಇನ್ಫಿನಿಟಿ. ಒಂದು ಸಾಲಿನ ನ್ಯಾನ್ ಕೂಡುತ್ತಾ ಹೋಗಿ ದಿನದ ಒಟ್ಟು ಮೊತ್ತವೇ ನ್ಯಾನ್ ಆಗುತ್ತದೆ. ಯಾವ ಸಾಲಿನಲ್ಲಿ ಹಾಳಾಯಿತು ಎಂದು ಹೇಳುವವರಿಲ್ಲ. 1995ರಲ್ಲಿ ಹುಟ್ಟಿದ ಆ ಭಾಷೆಗೆ ಟ್ರೈ-ಕ್ಯಾಚ್ (ತಪ್ಪಾಗಬಹುದಾದ ಕೋಡನ್ನು ಟ್ರೈ ಒಳಗಿಟ್ಟು, ತಪ್ಪಾದರೆ ಕ್ಯಾಚ್‌ನಲ್ಲಿ ಹಿಡಿಯುವ ಏರ್ಪಾಡು) ಮತ್ತು ಎರರ್ ಕ್ಲಾಸ್‌ಗಳು ಸ್ಟ್ಯಾಂಡರ್ಡ್ ಆಗಿ ಬಂದದ್ದು 1999ರ ಮೂರನೇ ಆವೃತ್ತಿಯಲ್ಲಿ. ಅಷ್ಟರಲ್ಲಿ ಈ ಅಭ್ಯಾಸಗಳೆಲ್ಲ ಗಟ್ಟಿಯಾಗಿದ್ದವು.

ಪೈಥಾನ್ ಕೂಡ ಮೊದಲಿನಿಂದ ಹೀಗಿರಲಿಲ್ಲ. 1.5ನೇ ಆವೃತ್ತಿಗಿಂತ ಹಿಂದೆ ಅದರ ಎಕ್ಸೆಪ್ಶನ್‌ಗಳು ಬರೀ ಸ್ಟ್ರಿಂಗ್‌ಗಳು, ಅಂದರೆ ಪಠ್ಯದ ತುಂಡುಗಳು. ಹೊಂದಾಣಿಕೆ ನೋಡುವಾಗಲೂ ಅಕ್ಷರ ಒಂದೇ ಇದೆಯೇ ಎಂದು ನೋಡುತ್ತಿರಲಿಲ್ಲ, ಮೆಮೊರಿಯಲ್ಲಿ ಅದೇ ವಸ್ತುವೇ ಎಂದು ನೋಡುತ್ತಿತ್ತು. ಹಾಗಾಗಿ ಒಂದೇ ಪಠ್ಯವನ್ನು ಎರಡು ಕಡೆ ಬರೆದವರ ಎಕ್ಸೆಪ್ಟ್ ಸಾಲು (ಪೈಥಾನ್‌ನಲ್ಲಿ ಕ್ಯಾಚ್‌ನ ಹೆಸರು ಇದು) ಹಿಡಿಯದೆ ಹೋಗುತ್ತಿತ್ತು. ಕ್ಲಾಸ್ ಬಂದ ಮೇಲೆ ಅಪ್ಪ-ಮಕ್ಕಳ ಸಂಬಂಧ ಬಂತು. ಡಿಕ್ಷನರಿಯಲ್ಲಿ ಕೀ ಇಲ್ಲದಾಗಿನ ಕೀಎರರ್, ಲಿಸ್ಟಿನ ಇಂಡೆಕ್ಸ್ ಮಿತಿಮೀರಿದಾಗಿನ ಇಂಡೆಕ್ಸ್‌ಎರರ್ ಎರಡನ್ನೂ ಲುಕಪ್‌ಎರರ್ ಎಂಬ ಒಂದೇ ಹೆಸರಿನಲ್ಲಿ ಹಿಡಿಯಬಹುದು, ಬೇಕಾದರೆ ಬೇರೆ ಬೇರೆಯಾಗಿಯೂ ಹಿಡಿಯಬಹುದು.

ಈಗಿನ ಆವೃತ್ತಿಗಳಲ್ಲಿ ವಾರ್ನಿಂಗ್‌ಗಳೂ ಸೇರಿ ಅರವತ್ತರ ಮೇಲೆ ಸಿದ್ಧ ಕ್ಲಾಸ್‌ಗಳಿವೆ. ಅಡಿಕೆ ಲೆಕ್ಕಕ್ಕೆ ಎದುರಾಗುವುದು ಏಳೆಂಟು. ಅದರಲ್ಲಿ ಹೆಚ್ಚು ಕಾಡುವುದು ವ್ಯಾಲ್ಯೂಎರರ್, ಆದ್ದರಿಂದ ಅದನ್ನು ಹತ್ತಿರದಿಂದ ನೋಡೋಣ.

ತೂಕದ ಕಾಲಂನ ಪಠ್ಯವನ್ನು ದಶಮಾಂಶ ಅಂಕಿ ಮಾಡುವ ಫ್ಲೋಟ್‌ಗೆ ಕೊಟ್ಟಾಗ ಅಂಕಿಯಾಗದಿದ್ದರೆ ವ್ಯಾಲ್ಯೂಎರರ್ ಬರುತ್ತದೆ. ಒಳ್ಳೆಯ ಸುದ್ದಿ ಏನೆಂದರೆ ಪೈಥಾನ್ ‘೪೮.೨೫’ ಎಂಬ ಕನ್ನಡ ಅಂಕಿಯನ್ನು ಯಾವ ತಕರಾರೂ ಇಲ್ಲದೆ 48.25 ಎಂದು ತೆಗೆದುಕೊಳ್ಳುತ್ತದೆ. ಮಲಯಾಳಂ ಅಂಕಿಯನ್ನೂ ತೆಗೆದುಕೊಳ್ಳುತ್ತದೆ. ಕನ್ನಡ, ಇಂಗ್ಲಿಷ್ ಬೆರೆಸಿ ‘೪8’ ಎಂದು ಬರೆದರೂ 48 ಎಂದೇ ಓದುತ್ತದೆ. ಹಿಂದೆಮುಂದೆ ಖಾಲಿ ಜಾಗ ಇದ್ದರೂ ಪರವಾಗಿಲ್ಲ. ‘1,25,000’ ಎಂದು ಕಾಮಾ ಹಾಕಿದರೆ ಮಾತ್ರ ಒಪ್ಪುವುದಿಲ್ಲ, ಮೊದಲೇ ರಿಪ್ಲೇಸ್ ಮಾಡಿ ಕಾಮಾ ತೆಗೆಯಬೇಕು.

ಆದರೆ ಕನ್ನಡದ ಸೊನ್ನೆಯ ಬದಲು ಅನುಸ್ವಾರ ಟೈಪ್ ಆಗಿರುವುದು ಬಹಳ ಸಲ ಉಂಟು. ‘೫೦’ ಮತ್ತು ‘೫ಂ’ ಹಲವು ಫಾಂಟ್‌ಗಳಲ್ಲಿ ಕಣ್ಣಿಗೆ ಒಂದೇ. ಸೊನ್ನೆಯ ಯೂನಿಕೋಡ್ ಕ್ರಮಾಂಕ 3302, ಅನುಸ್ವಾರದ್ದು 3202. ಪೈಥಾನ್ ಸರಿಯಾಗಿಯೇ ವ್ಯಾಲ್ಯೂಎರರ್ ಎತ್ತುತ್ತದೆ, ತಪ್ಪಿದ ಪಠ್ಯವನ್ನು ಸಂದೇಶದಲ್ಲಿ ತೋರಿಸುತ್ತದೆ. ತೋರಿಸಿದ ಪಠ್ಯ ಸರಿಯಾಗಿರುವ ಹಾಗೆ ಕಾಣುವುದರಿಂದ ನೋಡುವವರು ಕಂಗಾಲಾಗುತ್ತಾರೆ. ಇದಕ್ಕೆ ಪರಿಹಾರ, ಎಕ್ಸೆಪ್ಟ್ ಭಾಗದಲ್ಲಿ ಆ ಪಠ್ಯದ ಒಂದೊಂದು ಅಕ್ಷರಕ್ಕೂ ಆರ್ಡ್ ಫಂಕ್ಷನ್ ಹಾಕಿ ಕ್ರಮಾಂಕ ಬರೆಯಿಸುವುದು. ಅಂಕಿಯ ಕಾಲಂನಲ್ಲಿ 3202 ಕಂಡರೆ ಅದನ್ನು ಸೊನ್ನೆಗೆ ಬದಲಿಸಿ ಮತ್ತೆ ಓದಿಸಬಹುದು. ಹಾಗೆ ಬದಲಿಸಿದ ಸಾಲನ್ನು ಬೇರೆ ಪಟ್ಟಿಯಲ್ಲಿ ಬರೆದಿಡಬೇಕು, ಸದ್ದಿಲ್ಲದೆ ತಿದ್ದಿ ಮುಂದೆ ಹೋಗಬಾರದು. ತೂಕದ ವಿಚಾರದಲ್ಲಿ ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು.

ತೂಕ ಬಿಟ್ಟುಹೋದ ಸಾಲಿನಲ್ಲಿ ಇನ್ನೊಂದು ತೊಡಕು. ತೂಕದ ಜಾಗದಲ್ಲಿ ಕಾಮಾ ಇದ್ದು ಅದರ ನಂತರ ಏನೂ ಇಲ್ಲದಿದ್ದರೆ ಖಾಲಿ ಸ್ಟ್ರಿಂಗ್ ಬರುತ್ತದೆ, ಅದಕ್ಕೆ ಸಿಗುವುದು ವ್ಯಾಲ್ಯೂಎರರ್. ಕಾಮಾವೂ ಇಲ್ಲದೆ ಸಾಲೇ ಮೊಟಕಾಗಿದ್ದರೆ ಸಿಎಸ್‌ವಿಯ ಡಿಕ್ಟ್‌ರೀಡರ್ ಆ ಜಾಗದಲ್ಲಿ ನನ್ (None, ‘ಏನೂ ಇಲ್ಲ’) ಎಂಬ ಬೆಲೆ ತುಂಬುತ್ತದೆ, ಅದನ್ನು ಫ್ಲೋಟ್‌ಗೆ ಕೊಟ್ಟಾಗ ಸಿಗುವುದು ಟೈಪ್‌ಎರರ್. ಬರೆದವರ ಕಣ್ಣಿಗೆ ಎರಡೂ ‘ತೂಕ ಹಾಕಿಲ್ಲ’ ಎಂಬ ಒಂದೇ ತಪ್ಪು, ಭಾಷೆಯ ಕಣ್ಣಿಗೆ ಎರಡು. ಎಕ್ಸೆಪ್ಟ್ ಸಾಲಿನಲ್ಲಿ ಎರಡನ್ನೂ ಟ್ಯೂಪಲ್ ಆಗಿ, ಅಂದರೆ ಕಂಸದೊಳಗೆ ಒಟ್ಟಿಗೆ ಕೊಡಬಹುದು. ಆದರೆ ಟೈಪ್‌ಎರರ್ ಹಿಡಿಯುವುದು ಅಪಾಯದ ಕೆಲಸ, ಏಕೆಂದರೆ ಫಂಕ್ಷನ್‌ಗೆ ಆರ್ಗ್ಯುಮೆಂಟ್ ಕಡಿಮೆ ಕೊಟ್ಟ ನಮ್ಮದೇ ಬಗ್ ಕೂಡ ಅದೇ ಹೆಸರಿನಲ್ಲಿ ಬರುತ್ತದೆ. ಫ್ಲೋಟ್‌ಗೆ ಕೊಡುವ ಮೊದಲೇ ನನ್ ಆಗಿದೆಯೇ ಎಂದು ಕೇಳುವುದು ಒಳ್ಳೆಯದು.

ಈಗ ಈ ಸಿದ್ಧ ಕ್ಲಾಸ್‌ಗಳ ದೊಡ್ಡ ದೋಷಕ್ಕೆ ಬರೋಣ. ವ್ಯಾಲ್ಯೂಎರರ್‌ನ ಹೊಟ್ಟೆ ತುಂಬ ಅಗಲ. ಫೈಲಿನ ಬೈಟ್‌ಗಳು ಅಕ್ಷರವಾಗದಾಗಿನ ಯೂನಿಕೋಡ್‌ಡೀಕೋಡ್‌ಎರರ್ ಅದರ ಮೊಮ್ಮಗ, ಜೇಸನ್ ಎಂಬ ರೂಪದ ದತ್ತಾಂಶ ಓದುವಾಗಿನ ಎರರ್ ಅದರ ಮಗ. ಇಂಗ್ಲಿಷ್ ವಿಂಡೋಸ್‌ನಲ್ಲಿ ಎನ್‌ಕೋಡಿಂಗ್ (ಯಾವ ಬೈಟ್ ಯಾವ ಅಕ್ಷರ ಎಂಬ ಕೋಷ್ಟಕ) ಹೇಳದೆ ಫೈಲ್ ತೆರೆದರೆ ಪೈಥಾನ್ ಸಾಮಾನ್ಯವಾಗಿ ಸಿಪಿ1252 ಎಂಬ ಪಾಶ್ಚಾತ್ಯ ಕೋಷ್ಟಕದಲ್ಲಿ ಓದುತ್ತದೆ. ಎಲ್ಲ ಲಿಪಿಗಳಿಗೂ ಆಗುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟ್. ಅರ್ಧಾಕ್ಷರದ ಚಿಹ್ನೆಯ ಬೈಟ್‌ಗಳು 224, 179, 141. ಉಕಾರದ್ದು 224, 179, 129. ಸಿಪಿ1252ರಲ್ಲಿ 129, 141, 143, 144, 157 ಈ ಐದು ಜಾಗ ಖಾಲಿ. ಆದ್ದರಿಂದ ‘ಮಂಜೇಶ್ವರ’ದ ಒತ್ತಕ್ಷರದಲ್ಲಿ, ‘ಕುಂಬಳೆ’ಯ ಉಕಾರದಲ್ಲಿ ಯೂನಿಕೋಡ್‌ಡೀಕೋಡ್‌ಎರರ್ ಬಂದು ನಿಲ್ಲುತ್ತದೆ. ‘ಪೈವಳಿಕೆ’, ‘ಮೀಂಜ’ ಇವುಗಳಲ್ಲಿ ಆ ಐದರಲ್ಲಿ ಒಂದೂ ಬರುವುದಿಲ್ಲ. ಪೈವಳಿಕೆಯ ಸಾಲುಗಳು ಮಾತ್ರವೇ ಇದ್ದು, ಕಾಲಂ ಹೆಸರಿನಲ್ಲೂ ತರಗತಿಯಲ್ಲೂ ಆ ಐದು ಬೈಟ್ ಇಲ್ಲದ ಫೈಲು ಯಾವ ಎರರ್ ಇಲ್ಲದೆ ಓದಿಹೋಗಿ, ಊರಿನ ಹೆಸರು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಉಳಿಯುತ್ತದೆ. ಇದು ಎಕ್ಸೆಪ್ಶನ್ ಬಂದದ್ದಕ್ಕಿಂತ ಕೆಟ್ಟದ್ದು.

ಬಂದಾಗಲಾದರೂ ಸರಿಯಾಗಿ ಗುರುತಿಸಬೇಕಲ್ಲ? ಫೈಲಿನಿಂದ ಸಾಲು ಎಳೆಯುವುದನ್ನೂ ತೂಕವನ್ನು ಅಂಕಿ ಮಾಡುವುದನ್ನೂ ಒಂದೇ ಟ್ರೈ ಒಳಗೆ ಹಾಕಿ, ಎಕ್ಸೆಪ್ಟ್ ವ್ಯಾಲ್ಯೂಎರರ್ ಎಂದು ಬರೆದು, ‘ತೂಕ ತಪ್ಪಾಗಿದೆ’ ಎಂದು ಪ್ರಿಂಟ್ ಮಾಡಿದರೆ, ಎನ್‌ಕೋಡಿಂಗ್ ತೊಂದರೆಗೂ ಅದೇ ಸಂದೇಶ ಬರುತ್ತದೆ. ಜನ ತೂಕದ ಕಾಲಂನಲ್ಲಿ ಗಂಟೆಗಟ್ಟಲೆ ಹುಡುಕುತ್ತಾರೆ. ಯೂನಿಕೋಡ್‌ಡೀಕೋಡ್‌ಎರರ್‌ನ ಎಕ್ಸೆಪ್ಟ್ ಮೇಲೆ ಇರಬೇಕು, ವ್ಯಾಲ್ಯೂಎರರ್‌ನದ್ದು ಕೆಳಗೆ. ಪೈಥಾನ್ ಮೇಲಿನಿಂದ ನೋಡುತ್ತಾ ಬಂದು ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ಅಪ್ಪನನ್ನು ಮೇಲೆ ಬರೆದು ಮಗನನ್ನು ಕೆಳಗೆ ಬರೆದರೆ ಜಾವಾ ಕಂಪೈಲ್ ಮಾಡಲೇ ಬಿಡುವುದಿಲ್ಲ, ಪೈಥಾನ್ ಸುಮ್ಮನಿರುತ್ತದೆ. ಈ ಒಂದು ವಿಷಯದಲ್ಲಿ ಜಾವಾ ಒಳ್ಳೆಯದು.

ಕಾಸರಗೋಡಿನಲ್ಲಿ ಇದು ಇನ್ನಷ್ಟು ಗೊಂದಲ ಮಾಡುವುದಕ್ಕೆ ಕಾರಣ ಉಂಟು. ಕೇರಳದ ಶಾಲೆಯ ಲ್ಯಾಬ್‌ಗಳಲ್ಲಿ ಇರುವುದು ಗ್ನೂ/ಲಿನಕ್ಸ್. ಅಲ್ಲಿ ಎನ್‌ಕೋಡಿಂಗ್ ಹೇಳದಿದ್ದರೂ ಯುಟಿಎಫ್-8 ಸಿಗುತ್ತದೆ. ಲ್ಯಾಬಿನಲ್ಲಿ ಓಡಿದ ಪ್ರೋಗ್ರಾಂ ಮನೆಯ ಅಥವಾ ಅಂಗಡಿಯ ವಿಂಡೋಸ್‌ನಲ್ಲಿ ಬೀಳುತ್ತದೆ. ಹಾಗಾಗಿ ಓಪನ್ ಬರೆಯುವಾಗಲೆಲ್ಲ ಎನ್‌ಕೋಡಿಂಗ್ ಬರೆಯಲೇಬೇಕು. ಎಕ್ಸೆಲ್‌ನ ‘ಸಿಎಸ್‌ವಿ ಯುಟಿಎಫ್-8’ ಆಯ್ಕೆಯಿಂದ ಉಳಿಸಿದ ಫೈಲಿಗೆ ಬರೀ ಯುಟಿಎಫ್-8 ಸಾಲದು, ‘ಯುಟಿಎಫ್-8-ಸಿಗ್’ ಬೇಕು. ಏಕೆಂದರೆ ಎಕ್ಸೆಲ್ ಫೈಲಿನ ತಲೆಯಲ್ಲಿ ಬಾಮ್ ಎಂಬ ಕಾಣದ ಗುರುತು ಹಾಕಿರುತ್ತದೆ. ಅದು ಮೊದಲ ಕಾಲಂನ ಹೆಸರಿಗೆ ಅಂಟಿಕೊಂಡು, ‘ಊರು’ ಎಂಬ ಕಾಲಂ ಕಣ್ಣೆದುರೇ ಇದ್ದರೂ ಪೈಥಾನ್ ‘ಊರು’ ಇಲ್ಲ ಎಂದು ಕೀಎರರ್ ಕೊಡುತ್ತದೆ. ಯಾವ ಕೀ ಕೇಳಿದಿರಿ ಎಂಬುದಷ್ಟೇ ಆ ಸಂದೇಶದಲ್ಲಿ ಇರುತ್ತದೆ. ಡಿಕ್ಷನರಿಯಲ್ಲಿ ಯಾವ ಕೀಗಳಿದ್ದವು ಎಂಬುದೂ ಇದ್ದಿದ್ದರೆ ಎಷ್ಟೋ ಜನರ ಅರ್ಧ ದಿನ ಉಳಿಯುತ್ತಿತ್ತು.

ಕೀಎರರ್ ಬಗ್ಗೆ ಇನ್ನೊಂದು ದೂರು ಸಾಮಾನ್ಯವಾಗಿ ಕೇಳಿಬರುತ್ತದೆ. ಬೇರೆ ಎಕ್ಸೆಪ್ಶನ್‌ಗಳ ಹಾಗೆ ಸಂದೇಶವನ್ನು ನೇರವಾಗಿ ಕೊಡದೆ ಅದು ಕೋಟ್ ಚಿಹ್ನೆಗಳ ಸಮೇತ, ರೆಪ್ರ್ ರೂಪದಲ್ಲಿ (ಕೋಡಿನಲ್ಲಿ ಬರೆಯುವ ಹಾಗೆ) ಕೊಡುತ್ತದೆ ಎಂಬುದು. ಕನ್ನಡದವರಿಗೆ ಇದು ದೋಷವಲ್ಲ, ಉಪಕಾರ. ಕೆಲವರು ಟೈಪ್ ಮಾಡಿದ ‘ಡಬ್ಬಲ್ ಚೋಲ್’ನ ಕೊನೆಯ ಅರ್ಧಾಕ್ಷರದ ನಂತರ ಝಡ್‌ಡಬ್ಲ್ಯೂಎನ್‌ಜೆ ಎಂಬ, ಅಕ್ಷರಗಳು ಕೂಡದಂತೆ ತಡೆಯುವ ಅಗೋಚರ ಅಕ್ಷರ ಸೇರಿರುತ್ತದೆ. ದರಪಟ್ಟಿಯಲ್ಲಿ ಅದಿಲ್ಲದಿದ್ದರೆ ದರ ಸಿಗುವುದಿಲ್ಲ. ರೆಪ್ರ್ ಆ ಅಗೋಚರ ಅಕ್ಷರವನ್ನು ಸಂಕೇತವಾಗಿ ಬಿಡಿಸಿ ತೋರಿಸುತ್ತದೆ, ಅಲ್ಲಿಗೆ ಗುಟ್ಟು ರಟ್ಟಾಯಿತು. ಹಿಂದೆಮುಂದಿನ ಖಾಲಿ ಜಾಗ ತೆಗೆಯುವ ಸ್ಟ್ರಿಪ್ ಮಾಡಿದರೆ ಅದು ಹೋಗುವುದಿಲ್ಲ, ಏಕೆಂದರೆ ಅದು ಖಾಲಿ ಜಾಗದ ಲೆಕ್ಕಕ್ಕೆ ಸೇರಿದ್ದಲ್ಲ. ಕ್ರಮಾಂಕ 8204 ಅನ್ನು ಹೆಸರು ಹೇಳಿ ರಿಪ್ಲೇಸ್ ಮಾಡಬೇಕು, ದರಪಟ್ಟಿಯ ಕೀಗಳಿಗೂ ಅದನ್ನೇ ಮಾಡಬೇಕು.

ಫೈಲಿನ ಎರರ್‌ಗಳ ವಿಷಯದಲ್ಲಿ ಪೈಥಾನ್‌ಗೆ ಪೂರ್ಣ ಅಂಕ ಕೊಡಬಹುದು. 2012ರ 3.3ಕ್ಕಿಂತ ಮುಂಚೆ ಫೈಲ್ ತೆರೆಯುವಾಗ ಐಒಎರರ್, ಅಳಿಸುವಾಗ ಓಎಸ್‌ಎರರ್, ನೆಟ್‌ವರ್ಕ್‌ಗೆ ಇನ್ನೊಂದು ಎಂದು ಚೆಲ್ಲಾಪಿಲ್ಲಿಯಾಗಿತ್ತು. ಎಲ್ಲವನ್ನೂ ಓಎಸ್‌ಎರರ್ ಕೆಳಗೆ ತಂದು ಫೈಲ್‌ನಾಟ್‌ಫೌಂಡ್‌ಎರರ್, ಪರ್ಮಿಶನ್‌ಎರರ್ ಮುಂತಾದ ಮಕ್ಕಳನ್ನು ಕೊಟ್ಟರು. ಹಳೆಯ ಕೋಡ್ ಮುರಿಯದಂತೆ ಐಒಎರರ್ ಎಂಬ ಹೆಸರೂ ಓಎಸ್‌ಎರರ್‌ನ ಇನ್ನೊಂದು ಹೆಸರಾಗಿ ಉಳಿದಿದೆ. ಈಗ ಪೆನ್‌ಡ್ರೈವ್‌ನ ಡ್ರೈವ್ ಅಕ್ಷರ ಬದಲಾದರೆ ಫೈಲ್‌ನಾಟ್‌ಫೌಂಡ್‌ಎರರ್. ಲೆಕ್ಕದ ಫೈಲನ್ನು ಎಕ್ಸೆಲ್‌ನಲ್ಲಿ ತೆರೆದಿಟ್ಟೇ ಪ್ರೋಗ್ರಾಂ ಓಡಿಸಿ ಅದಕ್ಕೇ ಬರೆಯಲು ಹೋದರೆ ಪರ್ಮಿಶನ್‌ಎರರ್. ಇವೆರಡಕ್ಕೂ ‘ಪೆನ್‌ಡ್ರೈವ್ ನೋಡಿ’, ‘ಎಕ್ಸೆಲ್ ಮುಚ್ಚಿ’ ಎಂದು ಕನ್ನಡದಲ್ಲೇ ಬೇರೆ ಬೇರೆ ಸಂದೇಶ ಕೊಟ್ಟರೆ ಅಂಗಡಿಯವರು ಯಾರನ್ನೂ ಕರೆಯಬೇಕಾಗಿಲ್ಲ. ಡಿಸ್ಕ್ ತುಂಬಿದ್ದಕ್ಕೆ ಮಾತ್ರ ಪ್ರತ್ಯೇಕ ಕ್ಲಾಸ್ ಇಲ್ಲ. ಓಎಸ್‌ಎರರ್ ಹಿಡಿದು ಅದರ ಎರ್ರ್‌ನೋ (ಎರರ್ ಸಂಖ್ಯೆ) 28 ಆಗಿದೆಯೇ ಎಂದು ನೋಡಬೇಕು. ಸಣ್ಣ ಪೆನ್‌ಡ್ರೈವ್‌ಗೆ ಬ್ಯಾಕಪ್ ಮಾಡುವ ಕಡೆ ಇದು ಬೇಕೇ ಬೇಕು.

ಎಲ್ಲ ಎಕ್ಸೆಪ್ಶನ್‌ಗಳ ಮೂಲ ಕ್ಲಾಸ್ ಆದ ಬೇಸ್‌ಎಕ್ಸೆಪ್ಶನ್ ಬಂದದ್ದು 2006ರ 2.5ರಲ್ಲಿ. ಕಂಟ್ರೋಲ್-ಸಿ ಒತ್ತಿದಾಗ ಬರುವ ಕೀಬೋರ್ಡ್‌ಇಂಟರಪ್ಟ್, ಪ್ರೋಗ್ರಾಂ ಮುಗಿಸುವ ಸಿಸ್ಟಮ್‌ಎಕ್ಸಿಟ್ ಇವು ನೇರವಾಗಿ ಅದರ ಕೆಳಗೆ, ಸಾಮಾನ್ಯ ಎಕ್ಸೆಪ್ಶನ್‌ನ ಹೊರಗೆ ಇವೆ. ‘ತೂಕ ಹಾಕಿ’ ಎಂದು ಮತ್ತೆ ಮತ್ತೆ ಕೇಳುವ ಲೂಪ್‌ನಲ್ಲಿ ಹೆಸರಿಲ್ಲದ ಬರೀ ಎಕ್ಸೆಪ್ಟ್ ಬರೆದರೆ ಕಂಟ್ರೋಲ್-ಸಿ ಒತ್ತಿದರೂ ಅದು ‘ತಪ್ಪು, ಮತ್ತೆ ಹಾಕಿ’ ಎನ್ನುತ್ತದೆ. ಕೊನೆಗೆ ಕಿಟಕಿಯನ್ನೇ ಮುಚ್ಚಬೇಕು. ಎಕ್ಸೆಪ್ಟ್ ಎಕ್ಸೆಪ್ಶನ್ ಎಂದು ಬರೆದರೂ ಈ ತೊಂದರೆ ತಪ್ಪುತ್ತದೆ, ನಿಜವಾಗಿ ಬರೆಯಬೇಕಾದ್ದು ವ್ಯಾಲ್ಯೂಎರರ್. ಇಂಥ ಗೆರೆಯನ್ನು ಭಾಷೆ ಮಾತ್ರ ಎಳೆಯಬಲ್ಲದು. ಲೈಬ್ರರಿಗಳಿಗೆ ಬಿಟ್ಟರೆ ಒಬ್ಬೊಬ್ಬರದು ಒಂದೊಂದು ಗೆರೆಯಾದೀತು.

ಪೈಸೆ ಲೆಕ್ಕ ಸರಿ ಬರಲಿ ಎಂದು ಫ್ಲೋಟ್ ಬಿಟ್ಟು, ದಶಮಾಂಶವನ್ನು ಕರಾರುವಾಕ್ಕಾಗಿ ಇಡುವ ಡೆಸಿಮಲ್‌ಗೆ ಹೋಗುವವರು ಒಂದು ವಿಷಯ ಗಮನಿಸಬೇಕು. ಡೆಸಿಮಲ್ ಕೂಡ ಕನ್ನಡ ಅಂಕಿ ಓದುತ್ತದೆ, ಆದರೆ ತಪ್ಪು ಪಠ್ಯ ಸಿಕ್ಕಾಗ ವ್ಯಾಲ್ಯೂಎರರ್ ಎತ್ತುವುದಿಲ್ಲ. ಅದು ಎತ್ತುವುದು ಇನ್‌ವ್ಯಾಲಿಡ್‌ಆಪರೇಶನ್, ಅರಿತ್ಮೆಟಿಕ್‌ಎರರ್‌ನ ವಂಶ. ಫ್ಲೋಟ್ ಇದ್ದ ಜಾಗದಲ್ಲಿ ಡೆಸಿಮಲ್ ಬರೆದು ಎಕ್ಸೆಪ್ಟ್ ಸಾಲನ್ನು ಹಾಗೇ ಬಿಟ್ಟರೆ, ಅಷ್ಟು ದಿನ ಹಿಡಿಯುತ್ತಿದ್ದ ತಪ್ಪಿಗೆ ಪ್ರೋಗ್ರಾಂ ಬೀಳುತ್ತದೆ. ಸಾಲದ್ದಕ್ಕೆ ಅದರ ಸಂದೇಶದಲ್ಲಿ ಒಳಗಿನ ಕ್ಲಾಸಿನ ಹೆಸರು ಇರುತ್ತದೆಯೇ ಹೊರತು ಯಾವ ಪಠ್ಯ ತಪ್ಪಾಯಿತು ಎಂಬುದು ಇರುವುದಿಲ್ಲ. ಸಾಲಿನ ನಂಬರನ್ನೂ ಪಠ್ಯವನ್ನೂ ನಾವೇ ಸೇರಿಸಬೇಕು.

ನಮ್ಮದೇ ಕ್ಲಾಸ್ ಬೇಕಾಗುವುದು ಇಲ್ಲಿ. ದರಪಟ್ಟಿ ನೋಡುವ ಸಾಲು, ಮೊತ್ತ ಲೆಕ್ಕ ಹಾಕುವ ಫಂಕ್ಷನ್ ಎರಡನ್ನೂ ಒಂದೇ ಟ್ರೈ ಒಳಗಿಟ್ಟು ಕೀಎರರ್ ಹಿಡಿದರೆ, ಫಂಕ್ಷನ್‌ನ ಒಳಗಿನ ಯಾವುದೋ ಬಗ್‌ನಿಂದ ಬಂದ ಕೀಎರರ್ ಕೂಡ ‘ದರ ಇಲ್ಲ’ ಎಂದು ಕಾಣುತ್ತದೆ. ಸಿದ್ಧ ಹೆಸರು ಎಲ್ಲರಿಗೂ ಸೇರಿದ್ದು, ಯಾರ ಕೀ ತಪ್ಪಿತು ಎಂದು ಅದು ಹೇಳಲಾರದು. ಟ್ರೈ ಒಳಗೆ ದರ ತೆಗೆಯುವ ಒಂದೇ ಸಾಲು ಇರಲಿ, ಉಳಿದದ್ದು, ತಪ್ಪಾಗದಿದ್ದರೆ ಮಾತ್ರ ಓಡುವ ಎಲ್ಸ್ ಭಾಗಕ್ಕೆ ಹೋಗಲಿ. ಎಕ್ಸೆಪ್ಟ್ ಒಳಗೆ ನಮ್ಮ ಕ್ಲಾಸನ್ನು ‘ಫ್ರಮ್’ ಸೇರಿಸಿ ರೈಸ್ ಮಾಡಿದರೆ (ಎತ್ತಿದರೆ) ಮೂಲ ಕೀಎರರ್ ಕೂಡ ಟ್ರೇಸ್‌ಬ್ಯಾಕ್‌ನಲ್ಲಿ, ಅಂದರೆ ತಪ್ಪು ಎಲ್ಲಿಂದ ಬಂತು ಎಂಬ ವರದಿಯಲ್ಲಿ ಉಳಿಯುತ್ತದೆ.

ಕ್ಲಾಸಿನ ಹೆಸರನ್ನು ಕನ್ನಡದಲ್ಲೇ ಇಡಬಹುದು, 2008ರ 3.0ದಿಂದ ಅದಕ್ಕೆ ಅನುಮತಿಯುಂಟು. ‘ಲೆಕ್ಕ_ದೋಷ’ ಎಂಬುದು ತಂದೆ, ‘ದರ_ಇಲ್ಲ’, ‘ತೂಕ_ದೋಷ’ ಮಕ್ಕಳು. ‘ತೂಕ_ದೋಷ’ವನ್ನು ವ್ಯಾಲ್ಯೂಎರರ್‌ನ ಮಗನಾಗಿಯೂ ಮಾಡಿದರೆ ಹಳೆಯ ಎಕ್ಸೆಪ್ಟ್ ಸಾಲುಗಳು ಕೆಲಸ ಮಾಡುತ್ತಲೇ ಇರುತ್ತವೆ. ಒಂದು ಎಚ್ಚರಿಕೆ: ‘ಬಿಲ್‌ದೋಷ’ ಎಂಬಂಥ ಹೆಸರಿನಲ್ಲಿ ಅರ್ಧಾಕ್ಷರ ಬಿಡಿಯಾಗಿ ನಿಲ್ಲಬೇಕಾದರೆ ಝಡ್‌ಡಬ್ಲ್ಯೂಎನ್‌ಜೆ ಬೇಕು, ಪೈಥಾನ್ ಅದನ್ನು ಹೆಸರಿನೊಳಗೆ ಒಪ್ಪದೆ ಸಿಂಟ್ಯಾಕ್ಸ್‌ಎರರ್ ಕೊಡುತ್ತದೆ. ಅಂಥ ಕಡೆ ಅಂಡರ್‌ಸ್ಕೋರ್ ಹಾಕಿ. ಆ ಸಿಂಟ್ಯಾಕ್ಸ್‌ಎರರ್ ಅನ್ನು ಅದೇ ಫೈಲಿನ ಟ್ರೈ ಹಿಡಿಯಲಾರದು, ಏಕೆಂದರೆ ಫೈಲು ಓಡಲು ಶುರುವಾಗುವ ಮೊದಲೇ ಅದು ಬಂದಿರುತ್ತದೆ.

ಬೇರೆ ಭಾಷೆಗಳ ಮಾತು ಚುಟುಕಾಗಿ. ಗೋ ಭಾಷೆ ಎಕ್ಸೆಪ್ಶನ್ ಬೇಡ ಎಂದಿತು, ಎರರ್ ಅನ್ನು ಫಂಕ್ಷನ್‌ನ ಉತ್ತರದ ಜೊತೆಗೇ ಕೊಡುತ್ತದೆ. ‘೪೮’ ಕೊಟ್ಟರೆ ಗೋ, ರಸ್ಟ್ ಎರಡೂ ಒಪ್ಪುವುದಿಲ್ಲ, ಜಾವಾದ ಪಾರ್ಸ್‌ಇಂಟ್ ಒಪ್ಪುತ್ತದೆ. ಗೋದಲ್ಲಿ ಎರರ್ ನೋಡದೆ ಬಿಟ್ಟರೆ ತೂಕ ಸೊನ್ನೆಯಾಗಿ ಬಿಲ್ ಸೊನ್ನೆಯಾಗುತ್ತದೆ. ಆದರೂ ಪೂರ್ಣಾಂಕವನ್ನು ಸೊನ್ನೆಯಿಂದ ಭಾಗಿಸಿದ್ದಕ್ಕೆ, ಮಿತಿಮೀರಿದ ಇಂಡೆಕ್ಸ್‌ಗೆ ಗೋ ಕೂಡ ಪ್ಯಾನಿಕ್ ಮಾಡಿ (ಓಟವನ್ನೇ ನಿಲ್ಲಿಸಿ), ರನ್‌ಟೈಮ್ ಎರರ್ ಎಂಬ ಸಿದ್ಧ ಹೆಸರನ್ನು ಇಟ್ಟುಕೊಂಡಿದೆ. ಸಿ++ ಯಾವ ಬೆಲೆಯನ್ನಾದರೂ ಥ್ರೋ ಮಾಡಲು ಬಿಡುತ್ತದೆ, ಬರೀ ಅಂಕಿಯನ್ನೂ ಎಸೆಯಬಹುದು. ಹಾಗಿದ್ದೂ ಮೆಮೊರಿ ಸಿಗದಾಗ ಬ್ಯಾಡ್_ಅಲಾಕ್, ರೆಫರೆನ್ಸಿನ ಕಾಸ್ಟ್ ತಪ್ಪಿದಾಗ ಬ್ಯಾಡ್_ಕಾಸ್ಟ್ ಅದಕ್ಕೆ ಬೇಕೇ ಆದವು. ಭಾಷೆಯ ಸ್ವಂತ ಕೆಲಸಕ್ಕೆ ಸ್ವಂತ ಹೆಸರು ಇಲ್ಲದೆ ಯಾರಿಗೂ ನಡೆಯಲಿಲ್ಲ.

ಪೈಥಾನ್ ಪಟ್ಟಿಯಲ್ಲಿ ತೆಗೆದುಹಾಕಬಹುದಾದವೂ ಇವೆ. ಫ್ಲೋಟಿಂಗ್‌ಪಾಯಿಂಟ್‌ಎರರ್ ಈಗ ಬಳಕೆಯಲ್ಲೇ ಇಲ್ಲ ಎಂದು ಅದರ ದಾಖಲೆಯೇ ಹೇಳುತ್ತದೆ. ಚೈಲ್ಡ್‌ಪ್ರೊಸೆಸ್‌ಎರರ್, ಬ್ಲಾಕಿಂಗ್‌ಐಒಎರರ್ ಇವುಗಳ ಜಾಗ ಆಯಾ ಮಾಡ್ಯೂಲ್‌ನಲ್ಲಿ ಇದ್ದರೆ ಸಾಕಿತ್ತು.

ಸಂದೇಶಗಳು ಇಂಗ್ಲಿಷಿನಲ್ಲಿ ಮಾತ್ರ ಬರುತ್ತವೆ ಎಂಬುದು ಕನ್ನಡ ಮಾಧ್ಯಮದ ಮಕ್ಕಳಿಗೆ ನಿಜವಾದ ಅಡ್ಡಿ. ಅದಕ್ಕೆ 2022ರ 3.11ರಲ್ಲಿ ಬಂದ ಆ್ಯಡ್_ನೋಟ್ ಒಳ್ಳೆಯ ಉಪಾಯ. ಎಕ್ಸೆಪ್ಟ್ ಒಳಗೆ ‘14ನೇ ಸಾಲು, ಊರು ಪೈವಳಿಕೆ, ತೂಕದಲ್ಲಿ ಸೊನ್ನೆಯ ಬದಲು ಅನುಸ್ವಾರ’ ಎಂದು ನೋಟ್ ಸೇರಿಸಿ ಬರೀ ರೈಸ್ ಬರೆದರೆ, ಮೂಲ ಎಕ್ಸೆಪ್ಶನ್‌ನ ಕ್ಲಾಸ್ ಬದಲಾಗದೆ ಟ್ರೇಸ್‌ಬ್ಯಾಕ್‌ನ ಕೊನೆಯಲ್ಲಿ ಕನ್ನಡದ ಸಾಲು ಬರುತ್ತದೆ. ಅದೇ ಆವೃತ್ತಿಯಿಂದ ಸಾಲಿನ ಯಾವ ತುಂಡಿನಲ್ಲಿ ತಪ್ಪಾಯಿತು ಎಂದು ಅಡಿಗೆರೆ ಹಾಕಿಯೂ ತೋರಿಸುತ್ತದೆ. ಒಂದೇ ಸಾಲಿನಲ್ಲಿ ಎರಡು ಡಿಕ್ಷನರಿ ನೋಡಿದ್ದರೆ ಯಾವುದರಲ್ಲಿ ಕೀ ಇರಲಿಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ.

ಆದ್ದರಿಂದ ಹೊಸದಾಗಿ ಹಾಕುವವರು 3.11 ಅಥವಾ ಅದರ ಮೇಲಿನದ್ದನ್ನೇ ಹಾಕಿ. ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ವಿಂಡೋಸ್ 7 ಇದ್ದರೆ 3.8ಕ್ಕಿಂತ ಮೇಲಿನದ್ದು ಹಿಡಿಸುವುದಿಲ್ಲ, ಅಲ್ಲಿ ನೋಟ್ ಸೌಲಭ್ಯವೂ ಇಲ್ಲ. ಹಾಗಿರುವಾಗ ಸಾಲಿನ ನಂಬರನ್ನೂ ಕನ್ನಡದ ವಿವರವನ್ನೂ ನಮ್ಮ ‘ಲೆಕ್ಕ_ದೋಷ’ದ ಸಂದೇಶದೊಳಗೇ ಹಾಕಿ, ಯುಟಿಎಫ್-8 ಎಂದು ಹೇಳಿ ತೆರೆದ ಲಾಗ್ ಫೈಲಿಗೆ ಬರೆಯಿಸಿ. ಹಳೆಯ ಕಮಾಂಡ್ ಕಿಟಕಿಯಲ್ಲಿ ಕನ್ನಡದ ಒತ್ತಕ್ಷರಗಳು ಸರಿಯಾಗಿ ಮೂಡುವುದಿಲ್ಲ, ನೋಟ್‌ಪ್ಯಾಡ್‌ನಲ್ಲಿ ಲಾಗ್ ತೆರೆದರೆ ಓದಬಹುದು.